ಬಳೆ ತೆಗೆಸಿದ ಕೈ

ನಾನು ಇಪ್ಪತ್ತೆರಡು ವರ್ಷದಿಂದ ಹಲ್ಲು ಮಾಡುವ ಕೆಲಸದಲ್ಲಿದ್ದೇನೆ. ಡಾಕ್ಟರಲ್ಲ. ಡಾಕ್ಟರು ರೋಗಿಯ ಬಾಯಿಯ ಅಳತೆ ತೆಗೆದು ಕಳಿಸುತ್ತಾರೆ, ನಾನು ಅದಕ್ಕೆ ಪ್ಲಾಸ್ಟರ್ ಸುರಿದು ಅಚ್ಚು ಮಾಡಿ, ಅದರ ಮೇಲೆ ಹಲ್ಲಿನ ಸೆಟ್ ಕೂಡಿಸುತ್ತೇನೆ. ಹುಬ್ಬಳ್ಳಿಯ ಗೋಕುಲ ರಸ್ತೆಯಲ್ಲಿ ನನ್ನದು ಒಂದೇ ಕೋಣೆಯ ಲ್ಯಾಬು. ಪಕ್ಕದ ಶೆಡ್ಡಿನಲ್ಲಿ ಅಬ್ಬಾ ಲೇತ್ ನಡೆಸುತ್ತಿದ್ದರು. ಅವರು ತೀರಿಕೊಂಡ ಮೇಲೂ ಆ ಶೆಡ್ಡಿನಿಂದ ಕಬ್ಬಿಣದ ವಾಸನೆ ಹೋಗಿಲ್ಲ.

ಒಂದು ದಿನ ಧಾರವಾಡದಿಂದ ಒಬ್ಬ ಹಿರಿಯರು ತಮ್ಮ ಹಲ್ಲಿನ ಸೆಟ್ಟನ್ನು ಕರವಸ್ತ್ರದಲ್ಲಿ ಸುತ್ತಿಕೊಂಡು ಬಂದರು. ಡಾಕ್ಟರ ಹತ್ತಿರ ಹೋಗುವುದು ಬಿಟ್ಟು ನೇರವಾಗಿ ನನ್ನಲ್ಲಿಗೇ ಬಂದಿದ್ದರು.

“ಇದು ನನ್ನ ಬಾಯಿ ಅಲ್ರೀ. ಬ್ಯಾರೆ ಯಾರದೋ ಬಾಯಿ ಅದ,” ಅಂದರು.

ನಿವೃತ್ತ ಪ್ರೊಫೆಸರು ಅವರು. ನಾನು ಮೊದಲ ದಿನದಿಂದಲೇ ‘ಸರ್’ ಅಂದು ಕರೆದೆ. ಸೆಟ್ಟನ್ನು ತಿಕ್ಕಿ ಸರಿಮಾಡುವಷ್ಟು ಹೊತ್ತು ಅವರು ಗೋಡೆಯ ಹಲಗೆಯ ಮೇಲೆ ಸಾಲಾಗಿ ಇಟ್ಟಿದ್ದ ಪ್ಲಾಸ್ಟರಿನ ದವಡೆಗಳನ್ನು ನೋಡುತ್ತ ನಿಂತರು. ಒಂದನ್ನು ಎತ್ತಿಕೊಂಡು ಬೆಳಕಿಗೆ ಹಿಡಿದರು. ವಸಡಿನ ಗೆರೆ, ಮುರಿದ ಹಲ್ಲಿನ ಅಂಚು, ಎಲ್ಲ ಇದ್ದ ಹಾಗೇ ಬಂದಿತ್ತು.

“ಹಲ್ಲಿಂದು ಇಷ್ಟು ಛಲೋ ಬರ್ತದಂದ್ರ, ಕೈದು ಬರ್ತದೇನ್ರಿ?”

“ಯಾಕ ಬರೂದಿಲ್ರಿ ಸರ್. ಪುಡಿ ಹೆಚ್ಚು ಬೇಕಾಕ್ಕತಿ, ಅಷ್ಟ.”

ಆ ಮಾತಿನಿಂದ ಎಲ್ಲ ಶುರುವಾಯಿತು. ಧಾರವಾಡದಲ್ಲಿ ಹಳೆಯ ಹೆಂಚಿನ ಬಂಗಲೆಯೊಂದು ಸರ್ ಮತ್ತು ಅವರ ಗೆಳೆಯರ ಕೈಯಲ್ಲಿತ್ತು. ಅದರಲ್ಲಿ ಚಿಕ್ಕದೊಂದು ಮ್ಯೂಸಿಯಂ ಮಾಡಿ, ಅವಳಿ ಊರುಗಳಲ್ಲಿ ಹೆಸರು ಮಾಡಿದವರ ಕೈಗಳ ಅಚ್ಚನ್ನು ಇಡಬೇಕೆಂದು ಅವರ ಆಸೆ. ಮುಖದ ಮೂರ್ತಿ ಎಲ್ಲ ಕಡೆ ಇವೆ, ಕೆಲಸ ಮಾಡಿದ್ದು ಕೈ, ಕೈಯನ್ನು ಯಾರೂ ಉಳಿಸಿಕೊಳ್ಳುವುದಿಲ್ಲ ಅನ್ನುತ್ತಿದ್ದರು. ನನಗೂ ಹಲ್ಲು ಬಿಟ್ಟು ಬೇರೆ ಏನಾದರೂ ಮಾಡುವ ಹಂಬಲವಿತ್ತು. ರವಿವಾರದ ದಿನ ಬರುತ್ತೇನೆ ಅಂದೆ.

ಕೆಲಸ ಕಠಿಣವೇನಲ್ಲ. ಹಲ್ಲಿನ ಅಳತೆ ತೆಗೆಯುವ ಗುಲಾಬಿ ಪುಡಿಯನ್ನು ತಣ್ಣೀರಿನಲ್ಲಿ ಗಂಟಿಲ್ಲದ ಹಾಗೆ ಕಲಸಿ ಉದ್ದನೆಯ ಡಬ್ಬಿಗೆ ಸುರಿಯಬೇಕು. ಅದರಲ್ಲಿ ಕೈ ಇಳಿಬಿಟ್ಟು ನಾಲ್ಕು ನಿಮಿಷ ಅಲ್ಲಾಡದೆ ಇರಬೇಕು. ಅಷ್ಟರೊಳಗೆ ಅದು ಗಿಣ್ಣದ ಹಾಗೆ ಗಟ್ಟಿಯಾಗುತ್ತದೆ. ಮೆಲ್ಲಗೆ ಕೈ ಹೊರಗೆಳೆದರೆ ಒಳಗೆ ಕೈಯಾಕಾರದ ಟೊಳ್ಳು ಉಳಿಯುತ್ತದೆ. ಆ ಟೊಳ್ಳಿಗೆ ಪ್ಲಾಸ್ಟರ್ ಸುರಿದು, ಗಟ್ಟಿಯಾದ ಮೇಲೆ ಮೇಲಿನ ಗುಲಾಬಿ ಪದರನ್ನು ಬಿಡಿಸಿದರೆ ಮುಗಿಯಿತು. ಒಂದೇ ತೊಂದರೆ: ಪುಡಿ ಕಲಸಿದ ಮೇಲೆ ಕಾಯುವ ಹಾಗಿಲ್ಲ.

ಮೊದಲು ಒಬ್ಬ ಪೈಲವಾನರ ಕೈಯ ಅಚ್ಚು ತೆಗೆದೆವು. ಡಬ್ಬಿ ಸಾಲದೆ ಬಕೆಟ್ ತರಬೇಕಾಯಿತು. ಆಮೇಲೆ ಹಾಡುವವರೊಬ್ಬರು, ತಬಲಾದವರೊಬ್ಬರು, ಸಾವಿರಾರು ಹೆರಿಗೆ ಮಾಡಿಸಿದ ಡಾಕ್ಟರಮ್ಮ, ಪೇಢೆ ಮಾಡುತ್ತಲೇ ಮುಪ್ಪಾದ ಒಬ್ಬರು. ಪೇಢೆಯವರು ಡಬ್ಬಿಯಲ್ಲಿ ಕೈಯಿಟ್ಟುಕೊಂಡೇ “ಹದಾ ಛಲೋ ಐತಿ ನೋಡವಾ, ಇನ್ನೊಂದೀಟು ಕಾಸಿದ್ರ ಉಂಡಿ ಕಟ್ಟಬಹುದಿತ್ತು” ಅಂದಿದ್ದರು. ಎಲ್ಲರೂ ನಗುತ್ತಲೇ ಕೈ ಕೊಟ್ಟರು. ಪ್ರತಿ ಸಲವೂ ಗುಲಾಬಿ ಪದರು ಬಿಡಿಸುವಾಗ ಹೆಬ್ಬೆಟ್ಟಿನ ಗೆರೆ ಸಹ ಕಂಡು, ಇದನ್ನು ನಾನು ಮಾಡಿದೆನಲ್ಲ ಎಂದು ಒಂಥರಾ ಸೊಕ್ಕು ಬರುತ್ತಿತ್ತು. ಆ ಸೊಕ್ಕಿನ ಮಾತನ್ನು ಮುಚ್ಚಿಡುವುದಿಲ್ಲ. ಮುಂದೆ ಆದದ್ದರಲ್ಲಿ ಅದರ ಪಾಲೂ ಇದೆ.

ಕಸೂತಿ ಅಜ್ಜಿಯ ಹೆಸರು ಸರ್‌ರ ಪಟ್ಟಿಯಲ್ಲಿ ಮೊದಲಿನಿಂದಲೂ ಇತ್ತು. ಗಂಟು ಹಾಕದೆ, ಹಿಂದು ಮುಂದು ಒಂದೇ ಥರ ಕಾಣುವ ಹಾಗೆ ಇಳಕಲ್ ಸೀರೆಯ ಸೆರಗಿನ ಮೇಲೆ ಗೋಪುರ, ತೇರು, ನವಿಲು ತೆಗೆಯುತ್ತಿದ್ದರು. ದಿಲ್ಲಿಗೆ ಹೋಗಿ ಪ್ರಶಸ್ತಿ ತಂದವರು. ಈಗ ಎಂಬತ್ತು ದಾಟಿತ್ತು, ಮರೆವು ಹತ್ತಿತ್ತು. ಅದಕ್ಕೇ ಸರ್‌ಗೆ ಅವಸರ.

ಮನೆ ಧಾರವಾಡದ ಹಳೆಯ ಓಣಿಯೊಂದರಲ್ಲಿತ್ತು. ಅಜ್ಜಿಯ ಯಜಮಾನರು ನಿವೃತ್ತ ಶಾಲಾ ಶಿಕ್ಷಕರು. ಓಣಿಯವರೆಲ್ಲ ‘ಮಾಸ್ತರ’ ಅನ್ನುತ್ತಿದ್ದರು, ನಾನೂ ಹಾಗೇ ಅಂದೆ. ಹಣೆಯ ತುಂಬ ವಿಭೂತಿ, ಬಿಳಿ ಧೋತರ, ಕಿವಿ ಸ್ವಲ್ಪ ಮಂದ. ಮಗ ಆಫೀಸಿನ ಕೆಲಸದ ಮೇಲೆ ಬೇರೆ ಊರಿಗೆ ಹೋಗಿದ್ದ. ಮನೆಯಲ್ಲಿ ಸೊಸೆ ಇದ್ದರು, ಅಜ್ಜಿಯ ಊಟ ಸ್ನಾನ ಎಲ್ಲ ಅವರದೇ.

ಅಜ್ಜಿ ನಡುಮನೆಯಲ್ಲಿ ಗೋಡೆಗೆ ಒರಗಿ ಕೂತಿದ್ದರು. ನನ್ನನ್ನು ನೋಡಿ ಕೈ ಹಿಡಿದು ಹತ್ತಿರ ಕೂರಿಸಿಕೊಂಡರು.

“ಯಾರ ಮಗಳವಾ ನೀ?”

“ಹುಬ್ಬಳ್ಳಿ ಲೇತ್ ಮಿಸ್ತ್ರಿ ಮಗಳ್ರಿ ಅಜ್ಜಿ.”

“ಛಲೋ ಆತು. ಉಂಡ ಹೋಗು.”

ಎರಡು ನಿಮಿಷಕ್ಕೊಮ್ಮೆ ಅದನ್ನೇ ಕೇಳಿದರು. ಕೇಳುವ ಪ್ರೀತಿ ಮಾತ್ರ ಪ್ರತಿ ಸಲವೂ ಹೊಸದು. ಗಂಡನ ಹೆಸರು ಮರೆತಿದ್ದರೂ ಅವರನ್ನು ಮರೆತಿರಲಿಲ್ಲ. ಅವರು ಒಳಗೆ ಬಂದರೆ ಸೆರಗು ಸರಿಮಾಡಿಕೊಳ್ಳುತ್ತಿದ್ದರು. “ಅವರಿಗೆ ಚಾ ಕೊಟ್ರೇನು?” ಎಂದು ಸೊಸೆಯನ್ನು ಕೇಳುತ್ತಿದ್ದರು.

ಅಜ್ಜಿಯ ಎರಡೂ ಕೈಯಲ್ಲಿ ಹಸಿರು ಗಾಜಿನ ಬಳೆಗಳಿದ್ದವು. ಬಳೆ ಇದ್ದರೆ ಆ ಗುಲಾಬಿ ಗಟ್ಟಿಯಿಂದ ಕೈ ಎಳೆಯುವಾಗ ಅದು ಹರಿದುಹೋಗುತ್ತದೆ, ಟೊಳ್ಳು ಕೆಡುತ್ತದೆ. ಹಾಗಾಗಿ ನಾನು ಮಾಮೂಲಿ ಮಾತಿನ ಹಾಗೆ ಹೇಳಿದೆ: “ಬಲಗೈ ಬಳಿ ಅಷ್ಟ ತಗಸ್ರಿ ಅಕ್ಕಾ.” ಸೊಸೆ ಒಂದು ಕ್ಷಣ ತಡೆದರು. ಮಾವನ ಕಡೆ ನೋಡಲು ಹೋದರೆ ಮಾಸ್ತರರು ಹೊರಗೆ ಪಡಸಾಲೆಯಲ್ಲಿ ಸರ್ ತಂದಿದ್ದ ಒಪ್ಪಿಗೆಯ ಕಾಗದಕ್ಕೆ ಸಹಿ ಮಾಡುತ್ತಿದ್ದರು. “ತಗೊಳ್ಳಿಕ್ಕೇನು, ಮತ್ತ ಇಡಸಿದ್ರಾತು. ಲಗೂ ಮಾಡ್ರಿ,” ಅಂದರು ಸರ್ ಅಲ್ಲಿಂದಲೇ. ಸೊಸೆ ಸಾಬೂನು ನೀರು ತಂದರು.

ಅಜ್ಜಿಯ ತೋಳು ಕಡ್ಡಿಯ ಹಾಗೆ ತೆಳ್ಳಗಿತ್ತು. ಆದರೆ ಬೆರಳ ಬುಡದ ಗಂಟುಗಳು ವಾತದಿಂದ ದಪ್ಪಗಾಗಿದ್ದವು. ಬಳೆಗಳನ್ನು ಮೊಣಕೈಯ ಕಡೆಗೆ ಸರಿಸಿ ಮೇಲೊಂದು ಬಟ್ಟೆ ಕಟ್ಟಿದ್ದರೆ ಸಾಕಿತ್ತು. ಇಷ್ಟು ಸಣ್ಣ ಮಾತು ಆಗ ನನಗೆ ಹೊಳೆಯಲಿಲ್ಲ. ನಾನು ಬೆನ್ನು ತಿರುಗಿಸಿ ಡಬ್ಬಿಯಲ್ಲಿ ಪುಡಿ ಕಲಸುತ್ತಿದ್ದೆ. ಹಿಂದೆ ಒಂದೊಂದೇ ಬಳೆ ತಾಟಿಗೆ ಬೀಳುವ ಸದ್ದು ಕೇಳುತ್ತಿತ್ತು. ಕೊನೆಯದು ಗಂಟಿನಲ್ಲಿ ಸಿಕ್ಕಿ ಟಕ್ಕೆಂದು ಒಡೆಯಿತು.

ತಿರುಗಿ ನೋಡಿದೆ. ಅಜ್ಜಿ ತಮ್ಮ ಬೋಳು ಮಣಿಕಟ್ಟನ್ನು ಎಡಗೈಯಿಂದ ಹಿಡಿದುಕೊಂಡು ನೋಡುತ್ತಿದ್ದರು.

“ಹೋದ್ರೇನು?” ಅಂದರು.

ಸೊಸೆಗೆ ತಿಳಿಯಲಿಲ್ಲ. “ಯಾರ್ರೀ ಅತ್ತಿ?”

“ನಿಮ್ಮ ಮಾವಾರು. ಹೋದ್ರೇನು? ಯಾವಾಗ? ನನಗ ಯಾಕ ಯಾರೂ ಹೇಳಲಿಲ್ಲಾ?”

ಸೊಸೆ ಗಾಬರಿಯಿಂದ “ಇಲ್ರೀ ಅತ್ತಿ, ಹಂಗೇನಿಲ್ರಿ, ಹೊರಗ ಕುಂತಾರ” ಎಂದು ಕೂಗಿದರು. ಕೂಗು ಕೇಳಿ ಮಾಸ್ತರರು ಒಳಗೆ ಓಡಿಬಂದರು. ಹೆಂಡತಿಯ ಮುಂದೆ ಮೊಣಕಾಲೂರಿ ಕೂತರು.

“ಏ, ನೋಡಿಲ್ಲೆ. ನಾ ಇಲ್ಲೇ ಅದೇನಿ. ಎಲ್ಲೂ ಹೋಗಿಲ್ಲ.”

ಅಜ್ಜಿ ಅವರ ಮುಖ ನೋಡಿದರು. ಬಹಳ ಹೊತ್ತು ನೋಡಿದರು. ಆಮೇಲೆ ಸೆರಗು ತಲೆಯ ಮೇಲೆ ಎಳೆದುಕೊಂಡು ಸೊಸೆಗೆ ಮೆಲ್ಲಗೆ ಹೇಳಿದರು: “ಇವರು ನಮ್ಮವರ ಮಣ್ಣಿಗೆ ಬಂದಾರಂತ ಕಾಣಿಸ್ತದ. ಚಾಪಿ ಹಾಸಿ ಕುಂದರಸು.”

ನಾನು ಇಲ್ಲಿಯವರೆಗಿನದನ್ನು ಹಲವರಿಗೆ ಹೇಳಿದ್ದೇನೆ. ಇದರ ಮುಂದಿನದನ್ನು ಹೇಳಿಲ್ಲ. ಪುಡಿ ಕಲಸಿ ಆಗಿತ್ತು. ಡಬ್ಬಿಯಲ್ಲಿ ಅದು ಗಟ್ಟಿಯಾಗತೊಡಗಿತ್ತು. ಇವತ್ತು ತಪ್ಪಿದರೆ ಮತ್ತೆ ಈ ಮನೆಯವರು ಒಪ್ಪಲಾರರು ಎಂದು ನನಗೆ ಅನ್ನಿಸಿತು. ಅಜ್ಜಿ ಅಳುತ್ತಿದ್ದರು, ಸದ್ದಿಲ್ಲದೆ. ಕೈ ಕೊಸರಲಿಲ್ಲ. ಕೊಸರಿದ್ದರೆ ಬಿಡುತ್ತಿದ್ದೆ ಎಂದು ಎಷ್ಟೋ ಸಲ ನನಗೆ ನಾನೇ ಹೇಳಿಕೊಂಡಿದ್ದೇನೆ. ನಾನು ಅವರ ಬಲಗೈಯನ್ನು ಹಿಡಿದು ಡಬ್ಬಿಯೊಳಗೆ ಇಳಿಸಿದೆ. ಮೊಣಕೈಯ ಕೆಳಗೆ ನನ್ನ ಕೈ ಕೊಟ್ಟು ನಾಲ್ಕು ನಿಮಿಷ ಹಿಡಿದೆ. ಅವರು ಒಳಗೆ ಬೆರಳು ಮಡಚಿಕೊಂಡದ್ದು ನನಗೆ ತೋಳಿನಲ್ಲಿ ತಿಳಿಯಿತು. ಎದುರಿಗೆ ಮಾಸ್ತರರು ಇನ್ನೂ ಮೊಣಕಾಲೂರಿಕೊಂಡೇ ಇದ್ದರು. ಸರ್ ಬಾಗಿಲಲ್ಲಿ ನಿಂತಿದ್ದರು. ಯಾರೂ ನನ್ನನ್ನು ಬೇಡ ಅನ್ನಲಿಲ್ಲ.

ಅಬ್ಬಾ ಹೋದಾಗ ಅಮ್ಮಿಯ ಬಳೆ ತೆಗೆದವಳು ನನ್ನ ಖಾಲಾ, ಅಮ್ಮಿಯ ತಂಗಿ. ಅಮ್ಮಿ ಆಗ ತನ್ನ ಕೈಯನ್ನು ದುಪಟ್ಟಾದೊಳಗೆ ಹುದುಗಿಸಿದ್ದು ನಾನು ಕಣ್ಣಾರೆ ನೋಡಿದ್ದೆ. ನನಗೆ ಗೊತ್ತಿರಬೇಕಿತ್ತು.

ಆ ಕೈಯ ಅಚ್ಚು ನಾನು ತೆಗೆದದ್ದರಲ್ಲೆಲ್ಲ ಚೆಂದ ಬಂತು. ತೋರುಬೆರಳಿನ ತುದಿಯ ಸೂಜಿ ಚುಚ್ಚಿದ ಕಲೆಗಳು, ಹೆಬ್ಬೆರಳ ಅಂಚಿನ ಗಡಸು ಚರ್ಮ, ಎಲ್ಲ ಮೂಡಿತ್ತು. ಮಡಚಿದ ಬೆರಳುಗಳಿಂದಾಗಿ ಸೂಜಿ ಹಿಡಿದ ಹಾಗೆ ಕಾಣುತ್ತಿತ್ತು. ಸರ್ ಅದನ್ನು ನೋಡಿ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಅಜ್ಜಿಗೆ ಅವತ್ತು ರಾತ್ರಿಯ ಹೊತ್ತಿಗೆ ಎಲ್ಲ ಮರೆತುಹೋಗಿರುತ್ತದೆ ಅಂದುಕೊಂಡಿದ್ದೆ. ಎರಡು ನಿಮಿಷದ ಮಾತು ನೆನಪಿರದವರು ಇದನ್ನು ಹೇಗೆ ನೆನಪಿಟ್ಟಾರು?

ವಾರ ಕಳೆದ ಮೇಲೆ ಸೊಸೆ ಫೋನ್ ಮಾಡಿದರು. ದನಿಯಲ್ಲಿ ಸಿಟ್ಟಿರಲಿಲ್ಲ, ದಣಿವಿತ್ತು.

“ಅಕ್ಕಾರ, ನಮ್ಮತ್ತಿ ಇನ್ನೂ ಹಂಗ ಅದಾರ್ರಿ. ಎಡಗೈ ಬಳೀನೂ ತಾವ ಒಡಕೊಂಡ್ರು. ಕುಂಕುಮ ಹಚ್ಚಾಕ ಹೋದ್ರ ಮುಖಾ ತಿರಗಸ್ತಾರ. ಮಾವಾರು ಕಂಡ್ರ ಯಾರೋ ಪರಊರವರು ಅಂತಾರ. ನಿಮಗ ಏನರ ಗೊತ್ತೇನ್ರಿ ಇದಕ್ಕ?”

ನನಗೇನು ಗೊತ್ತು? ಮರುದಿನ ಲ್ಯಾಬಿಗೆ ಬೀಗ ಹಾಕಿ ಹೋದೆ. ನಮ್ಮ ಓಣಿಯಲ್ಲಿ ಬಳೆ ಮಾರುವ ಚಾಚಿಯೊಬ್ಬರಿದ್ದಾರೆ, ಯಾವ ಗಟ್ಟಿ ಕೈಗೂ ನೋವಾಗದಂತೆ ಬಳೆ ಇಡಿಸುವವರು. ಅವರನ್ನೂ ಕರೆದುಕೊಂಡು ಹೋದೆ. ಚಾಚಿ ಅಜ್ಜಿಯ ಮುಂದೆ ಕೂತು ಹಸಿರು ಬಳೆಗಳ ಕಟ್ಟು ಬಿಚ್ಚಿ, “ಕೈ ಕೊಡ್ರಿ ಯವ್ವಾ, ಹಬ್ಬ ಬಂತು” ಅಂದರು. ಅಜ್ಜಿ ಬಳೆಗಳನ್ನು ಆಸೆಯಿಂದ ನೋಡಿದರು. ಒಂದನ್ನು ಮುಟ್ಟಿಯೂ ಮುಟ್ಟಿದರು. ಆಮೇಲೆ ಎರಡೂ ಕೈಗಳನ್ನು ಸೆರಗಿನೊಳಗೆ ಎಳೆದುಕೊಂಡರು.

“ನನಗ ಇನ್ನ ಯಾಕವಾ ಹಸರ ಬಳಿ? ಜನಾ ಏನಂದಾರು? ಈ ನನ್ನ ಸೊಸಿಗೆ ಇಡಸು.”

ಚಾಚಿ ಹೊರಗೆ ಬಂದು ನನ್ನ ಮೇಲೆ ರೇಗಿದರು. “ಗಂಡ ಇನ್ನೂ ಕಣ್ಣ ಮುಂದ ಅಡ್ಡಾಡಾಕತ್ತಾನ, ಆಕಿ ಕೈ ಹಂಗ ಬೋಳ ಮಾಡೀದಿ. ತೋಬಾ, ಎಂಥಾ ಕೆಲಸಾನ ಇದು.”

ಮಗ ಊರಿಂದ ಬಂದು ಡಾಕ್ಟರಿಗೂ ತೋರಿಸಿದ. ಇದು ಮರೆವಿನ ಬೇನೆಯೇ, ಇವತ್ತಲ್ಲ ನಾಳೆ ಗಂಡನ ಗುರುತು ಹೋಗುವುದೇ ಇತ್ತು ಅಂದರಂತೆ. ಅದು ನಿಜವಿರಬಹುದು. ಆದರೆ ಗುರುತು ತಾನಾಗಿ ಅಳಿಸಿಹೋಗುವುದು ಬೇರೆ, ಸತ್ತರೆಂದು ತಿಳಿದು ಅಳುವುದು ಬೇರೆ. ಅಜ್ಜಿ ದಿನವೂ ಅಳುತ್ತಿದ್ದರು. ಯಾಕೆ ಅಳುತ್ತಿದ್ದೇನೆ ಎನ್ನುವುದನ್ನು ಮರೆತಾಗಲೂ ಕೈ ನೋಡಿಕೊಂಡು ಮತ್ತೆ ತಿಳಿದುಕೊಳ್ಳುತ್ತಿದ್ದರು.

ಅಜ್ಜಿ ಯಾಕೆ ಅಷ್ಟು ಬೇಗ ನಂಬಿದರು ಎನ್ನುವುದನ್ನು ಮಾಸ್ತರರೇ ನನಗೆ ಹೇಳಿದರು. ಅಜ್ಜಿಯ ತವರು ಹುಬ್ಬಳ್ಳಿ ಹತ್ತಿರದ ಸುಳ್ಳ ಎಂಬ ಊರು. ಒಂಬತ್ತು ವರ್ಷದ ಹುಡುಗಿಯಿದ್ದಾಗ ತಂದೆ ತೀರಿಹೋದರು. ನಡುಮನೆಯಲ್ಲಿ ಹೆಂಗಸರು ಸೇರಿ ಅವರ ತಾಯಿಯ ಬಳೆ ತೆಗೆಯುವಾಗ ಈ ಹುಡುಗಿ ಅಲ್ಲೇ ತಾಟು ಹಿಡಿದುಕೊಂಡು ನಿಂತಿದ್ದಳಂತೆ.

“ನಮ್ಮ ಧರ್ಮದಾಗ ಬಳಿ ತಗೀಬಾರದು ಅಂತ ಹೇಳತಾರವಾ. ಆದ್ರ ತಗೀತಾರ,” ಅಂದರು ಮಾಸ್ತರರು. ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಮನಸ್ಸು ಹಗುರಾಗುತ್ತಿತ್ತೋ ಏನೋ.

ಅಷ್ಟರಲ್ಲಿ ಅವರು ತಮ್ಮದೇ ಒಂದು ದಾರಿ ಕಂಡುಕೊಂಡಿದ್ದರು. ‘ನಾನು ಬದುಕಿದ್ದೇನೆ’ ಎಂದು ಹೇಳಿ ಹೇಳಿ ಸೋತಿದ್ದರು. ಹೇಳಿದಷ್ಟೂ ಅಜ್ಜಿ ಹೆದರುತ್ತಿದ್ದರು, ಯಾರೋ ಗಂಡಸು ಮನೆಯಲ್ಲಿ ಸೇರಿಕೊಂಡಿದ್ದಾನೆ ಎಂದು. ಅದಕ್ಕೆ ಒಂದು ದಿನ ಇಳಿಹೊತ್ತಿನಲ್ಲಿ ಮಾಸ್ತರರು ಕೋಟು ಟೋಪಿ ಹಾಕಿಕೊಂಡು, ಹಿತ್ತಲ ಬಾಗಿಲಿಂದ ಹೊರಬಿದ್ದು, ಓಣಿ ಸುತ್ತಿ ಬಂದು ಮುಂಬಾಗಿಲಲ್ಲಿ ಕೆಮ್ಮಿದರು. “ಅದಾರೇನ್ರಿ ಒಳಗ?”

“ಬರ್ರಿ, ಕುಂದರ್ರಿ. ಯಾವೂರ್ರಿ ನಿಮ್ಮದು?” ಅಂದರಂತೆ ಅಜ್ಜಿ.

“ಸುಳ್ಳದ ಕಡಿಯಾಂವರಿ.”

ತವರಿನ ಹೆಸರು ಕೇಳಿ ಅಜ್ಜಿಯ ಮುಖ ಅರಳಿತಂತೆ. ಅವತ್ತಿನಿಂದ ಅದೇ ನಡೆಯಿತು. ದಿನವೂ ಅದೇ ಹೊತ್ತಿಗೆ ಕೋಟು, ಟೋಪಿ, ಹಿತ್ತಲ ಬಾಗಿಲು. ಅಜ್ಜಿ ಆ ಹೊತ್ತಿಗಾಗಿ ಕಾಯತೊಡಗಿದರು. ಅಳು ಕಡಿಮೆಯಾಯಿತು. ರಾತ್ರಿ ಮಾತ್ರ ಮಾಸ್ತರರು ಪಡಸಾಲೆಯಲ್ಲಿ ಮಲಗುತ್ತಿದ್ದರು, ಬೆಳಿಗ್ಗೆ ಅಜ್ಜಿ ಎದ್ದು ಕಾಣುವ ಮೊದಲೇ ಹೊರಗೆ ಹೋಗುತ್ತಿದ್ದರು. ಐವತ್ತೆಂಟು ವರ್ಷ ಸಂಸಾರ ಮಾಡಿದ ತಮ್ಮದೇ ಮನೆಯಲ್ಲಿ!

ನಾನು ಹದಿನೈದು ದಿನಕ್ಕೊಮ್ಮೆ ಹೋಗುತ್ತಿದ್ದೆ. ಒಂದು ದಿನ ಅವರಿಬ್ಬರೂ ಕೂತು ಮಾತಾಡುವಾಗ ನಾನು ಅಡಿಗೆಮನೆಯ ಬಾಗಿಲಲ್ಲಿ ಸೊಸೆಯ ಜೊತೆ ಅವರೆಕಾಯಿ ಸುಲಿಯುತ್ತ ಕೂತಿದ್ದೆ. ಅಜ್ಜಿ ಬಂದವರ ಮುಂದೆ ತಮ್ಮ ಗಂಡನ ಸುದ್ದಿ ಹೇಳುತ್ತಿದ್ದರು.

“ಛಲೋ ಮನಷ್ಯಾರಿದ್ರು. ಕೈಯೆತ್ತಿ ಹೊಡದವರಲ್ಲ. ಆದ್ರ ಒಂದ ಮಾತು ನನ್ನ ಹೊಟ್ಟಿಯಾಗ ಉಳದ ಬಿಟ್ಟೈತ್ರಿ.”

“ಏನ್ರಿ ಅದು?”

“ದಿಲ್ಲಿ ಪ್ರಶಸ್ತಿ ಬಂತಲ್ರೀ, ಆ ಕಾಗದಾ ಅವರ ಕೈಗೆ ಬಂದಿತ್ತು. ನನಗ ಹೇಳಲಿಲ್ಲ. ಮೂರು ದಿನಾ ಪುಸ್ತಕದಾಗ ಇಟ್ಟಕೊಂಡಿದ್ರು. ನಾ ಕಸಾ ಹೊಡಿಯೂ ಮುಂದ ಕಂಡಿದ್ದೆ. ಮ್ಯಾಲಿನ ಸರಕಾರದ ಸಿಕ್ಕಾ ನೋಡಿದ್ದೆ, ಓದಾಕ ಬರತಿರಲಿಲ್ಲ. ಮೂರು ದಿನಾ ಸುಮ್ನ ಇದ್ದೆ. ಅವರು ಹೇಳಲಿ ಅಂತ.”

ಸೊಸೆ ಸುಲಿಯುವುದನ್ನು ನಿಲ್ಲಿಸಿದರು. ಮಾಸ್ತರರು ಟೋಪಿಯನ್ನು ತೊಡೆಯ ಮೇಲೆ ಇಟ್ಟುಕೊಂಡು ಅದರ ಅಂಚನ್ನು ತಿರುಗಿಸುತ್ತಿದ್ದರು.

“ಮತ್ತ ನೀವು ಅವರನ್ನ ಕೇಳಲಿಲ್ಲೇನ್ರಿ?”

“ಹೆಂಗ ಕೇಳೂದ್ರಿ? ಮಾಸ್ತರಿಕಿ ಮಾಡಿದವರು. ಅವರಿಗೆ ಯಾರೂ ಒಂದು ಹಾರಾ ಹಾಕಿರಲಿಲ್ಲ. ಕೆಟ್ಟ ಅನಸಿರಬೇಕು. ಈಗ ಇದ್ದಿದ್ರ ಕೇಳತಿದ್ದೆ ನೋಡ್ರಿ. ಈಗ ಅಂಜಿಕಿ ಇಲ್ಲ ನನಗ.”

ಅವತ್ತು ಮಾಸ್ತರರು ಬಸ್ ನಿಲ್ದಾಣದವರೆಗೆ ನನ್ನ ಜೊತೆ ನಡೆದು ಬಂದರು. ಅರ್ಧ ದಾರಿಯಲ್ಲಿ ನಿಂತು ಹೇಳಿದರು: “ಖರೇನ ಅದು. ಮುಚ್ಚಿಟ್ಟಿದ್ದೆ. ನಾಕನೇ ದಿನ ಹೇಳಿದಾಗ ಆಕಿ ಎಷ್ಟ ಖುಷಿ ಪಟ್ಟಳು ಅಂದ್ರ, ಆಕಿಗೆ ಗೊತ್ತ ಇರಲಿಲ್ಲ ಅಂತ ಇವತ್ತಿನ ತನಕಾ ನಂಬಿದ್ದೆ.” ಮತ್ತೆ ನಡೆಯುತ್ತ, “ಗಂಡ ಅಂತ ಇದ್ದಿದ್ರ ಆಕಿ ಇದನ್ನ ಹೇಳತಿರಲಿಲ್ಲವಾ,” ಅಂದರು. ಅದು ದುಃಖವೋ ಸಮಾಧಾನವೋ ಅವರ ಮುಖ ನೋಡಿ ನನಗೆ ತಿಳಿಯಲಿಲ್ಲ. ಅದರಿಂದ ನನ್ನ ತಪ್ಪು ಕಡಿಮೆಯಾಯಿತು ಎಂದೂ ಅನ್ನಿಸಲಿಲ್ಲ.

ಮ್ಯೂಸಿಯಂ ತೆರೆದದ್ದು ಆ ದಿನಗಳಲ್ಲೇ. ದೊಡ್ಡವರೊಬ್ಬರು ದೀಪ ಹಚ್ಚಿದರು, ಭಾಷಣಗಳಾದವು. ಕೈಗಳನ್ನೆಲ್ಲ ಕಪ್ಪು ಬಟ್ಟೆಯ ಮೇಲೆ ಗಾಜಿನೊಳಗೆ ಇಟ್ಟಿದ್ದರು. ಕಸೂತಿ ಅಜ್ಜಿಯ ಕೈಯ ಮುಂದೆ ಹೆಚ್ಚು ಜನ ನಿಂತರು. ಕೆಳಗಿನ ಚೀಟಿಯಲ್ಲಿ ಅಜ್ಜಿಯ ಹೆಸರು, ನಡುವೆ ಗಂಡನ ಹೆಸರು, ಆಮೇಲೆ ‘ಸೂಜಿ ಹಿಡಿದ ಭಂಗಿಯಲ್ಲಿ’ ಎಂದು ಬರೆದಿತ್ತು. ಕಾಲೇಜಿನ ಹುಡುಗಿಯರು ತಮ್ಮ ಬೆರಳುಗಳನ್ನೂ ಹಾಗೇ ಮಡಚಿ ಫೋಟೋ ತೆಗೆಸಿಕೊಂಡರು. ನನಗೆ ಅಲ್ಲಿ ನಿಲ್ಲಲಾಗಲಿಲ್ಲ.

ಮರುದಿನ ಸರ್‌ಗೆ ಹೇಳಿದೆ. “ಸರ್, ಅದು ಸೂಜಿ ಹಿಡದ ಕೈ ಅಲ್ರಿ. ನಿಮಗೂ ಗೊತ್ತೈತಿ. ಅದನ್ನ ತಗೀರಿ ಅಲ್ಲಿಂದ.”

“ಅವರಿಗೆ ಮರವು ಮೊದಲ ಇತ್ತಲ್ರೀ,” ಅಂದರು ಸರ್. “ನಾವೇನು ಬೇಕಂತ ಮಾಡೀವೇನು? ಇಂಥಾ ಕೈ ಮತ್ತ ಸಿಗ್ತದೇನು? ಸಹಿನೂ ಅದ.”

“ಸಹಿ ಮಾಸ್ತರ್ದು ಐತ್ರಿ. ಅಜ್ಜೀದಲ್ಲ.”

ಸರ್ ಸಿಟ್ಟಾದರು. ನಾನೂ ಸಿಟ್ಟಿನಲ್ಲೇ ಹುಬ್ಬಳ್ಳಿಗೆ ಬಂದೆ. ಮೂರು ದಿನ ಬಿಟ್ಟು ಸರ್ ತಾವೇ ಫೋನ್ ಮಾಡಿದರು. “ಅವತ್ತು ಲಗೂ ಲಗೂ ಅಂದಾಂವ ನಾನ. ನನಗೂ ನಿದ್ದಿ ಇಲ್ರೀ. ಮಾಸ್ತರನ್ನ ಕರಕೊಂಡು ಬರ್ರಿ. ಅವರು ತಗೀರಿ ಅಂದ್ರ ತಗೀತೀನಿ,” ಅಂದರು.

ಮಾಸ್ತರರು ಅದೇ ಕೋಟು ಟೋಪಿಯಲ್ಲಿ ಬಂದರು. ಸರ್ ಗಾಜಿನ ಮುಚ್ಚಳ ತೆಗೆದರು. ಮಾಸ್ತರರು ಕೈಯನ್ನು ಮುಟ್ಟಲಿಲ್ಲ. ಬಗ್ಗಿ ಒಂದೊಂದೇ ಬೆರಳನ್ನು ನೋಡಿದರು. ತೋರುಬೆರಳಿನ ತುದಿಯ ಕಲೆಗಳ ಹತ್ತಿರ ಬಂದಾಗ, “ಇಷ್ಟು ಚುಚ್ಚಿತ್ತೇನು?” ಎಂದು ತಮ್ಮಷ್ಟಕ್ಕೆ ಅಂದುಕೊಂಡರು. ಚೀಟಿಯನ್ನು ಎರಡು ಸಲ ಓದಿದರು.

“ಕೈ ಇರಲಿ,” ಅಂದರು ಕೊನೆಗೆ. “ಆಕಿ ಕೆಲಸಕ್ಕ ಇದ್ದದ್ದು ಅದೊಂದ ಸಾಕ್ಷಿ. ಸೂಜಿ ಹಿಡದದ್ದು ಅಂತ ಬರೀಬ್ಯಾಡ್ರಿ, ಸುಳ್ಳಾಕ್ಕೈತಿ. ಮತ್ತ ನಡುವ ನನ್ನ ಹೆಸರು ಹಾಕೀರಿ. ಅದನ್ನ ತಗೀರಿ.”

ಸರ್ ಅಲ್ಲೇ ನಿಂತು ಹೊಸ ಚೀಟಿ ಬರೆದರು.

ಮಾಸ್ತರರು ಇನ್ನೊಂದು ವರ್ಷ ಬದುಕಿದರು. ಒಂದು ಬೆಳಿಗ್ಗೆ ಸ್ನಾನಕ್ಕೆ ಹೋದವರು ಕುಸಿದು ಬಿದ್ದರು, ಆಸ್ಪತ್ರೆ ಮುಟ್ಟುವುದರೊಳಗೆ ಹೋಗಿಬಿಟ್ಟರು. ನಾನು ಹೋಗುವಷ್ಟರಲ್ಲಿ ಅವರನ್ನು ಪಡಸಾಲೆಯಲ್ಲಿ ಕೂರಿಸಿ, ಹಣೆಗೆ ವಿಭೂತಿ ಹಚ್ಚಿ, ಹಾರ ಹಾಕಿದ್ದರು. ಓಣಿಯೆಲ್ಲ ಸೇರಿತ್ತು. ಮಗ ತಾಯಿಯನ್ನು ಹೊರಗೆ ಕರೆತರಬೇಕೋ ಬೇಡವೋ ಎಂದು ತಿಳಿಯದೆ ನಿಂತಿದ್ದ. ಸೊಸೆಯೇ ಧೈರ್ಯ ಮಾಡಿ ಕೈ ಹಿಡಿದು ಕರೆತಂದರು.

ಅಜ್ಜಿ ಬಂದು ಮುಂದೆ ನಿಂತರು. “ಯಾರವಾ ಹೋದವರು?”

ಸೊಸೆ ಅಜ್ಜಿಯ ಕೈಯನ್ನು ಇನ್ನಷ್ಟು ಬಿಗಿಯಾಗಿ ಹಿಡಿದರು.

ಅಜ್ಜಿ ಬಗ್ಗಿ ನೋಡಿದರು. “ಅಯ್ಯ, ಇವರು ಸುಳ್ಳದವರು. ದಿನಾ ಬರತಿದ್ರು, ಪಾಪ. ನಾ ಹೇಳಿದ್ದೆಲ್ಲಾ ಕೇಳಿಸಿಕೋತಿದ್ರು. ಇಷ್ಟ ಮಂದಿ ಕೂಡ್ಯಾರ, ಇವರ ಮನಿಯಾಕಿ ಎಲ್ಲಿ? ಆಕಿಗೆ ಹೇಳಿ ಕಳಿಸೀರಿಲ್ಲೋ?” ಎಂದು ಸುತ್ತಲೂ ನೋಡಿದರು. ಅಜ್ಜಿಯ ಕೈಯಿಂದ ತೆಗೆಯುವಂಥದ್ದು ಏನೂ ಉಳಿದಿರಲಿಲ್ಲವಾಗಿ ಹೆಂಗಸರು ದೂರವೇ ನಿಂತರು.

ಆಮೇಲೂ ನಾನು ಆ ಮನೆಗೆ ಹೋಗುತ್ತಲೇ ಇದ್ದೇನೆ. ಕೈಯ ಅಚ್ಚು ತೆಗೆಯುವ ಕೆಲಸವನ್ನು ಬಿಟ್ಟಿದ್ದೇನೆ. ಸರ್ ಅದಕ್ಕೆ ಬೇರೊಬ್ಬ ಹುಡುಗಿಯನ್ನು ನೋಡಿಕೊಂಡಿದ್ದಾರೆ. ಬಳೆಯಿದ್ದವರಾದರೆ ಮೇಲೆ ಸರಿಸಿ ಬಟ್ಟೆ ಕಟ್ಟಬೇಕು ಎಂದು ಆ ಹುಡುಗಿಗೆ ನಾನೇ ಹೇಳಿಕೊಟ್ಟೆ. ಅಜ್ಜಿ ಈಗ ಹೆಚ್ಚು ಮಾತಾಡುವುದಿಲ್ಲ. ಇಳಿಹೊತ್ತಿಗೆ ಮಾತ್ರ ಬಾಗಿಲ ಕಡೆ ನೋಡುತ್ತಾರೆ.

ಕಳೆದ ತಿಂಗಳು ಹೋದಾಗ ನನ್ನನ್ನು ಹತ್ತಿರ ಕೂರಿಸಿಕೊಂಡು “ನೀ ಯಾರವಾ?” ಎಂದು ಕೇಳಿದರು. ಲೇತ್ ಮಿಸ್ತ್ರಿಯ ಮಗಳು ಎಂದು ಯಾವಾಗಲೂ ಹೇಳುವವಳು ಅವತ್ತು ಯಾಕೋ ಹಾಗೆ ಹೇಳಲಾಗಲಿಲ್ಲ.

“ನಿಮ್ಮ ಬಳಿ ತಗಸಿದಾಕಿ ನಾನ ಅಜ್ಜಿ,” ಅಂದೆ.

ಅಡಿಗೆಮನೆಯಲ್ಲಿ ಸೊಸೆ ಪಾತ್ರೆ ತೊಳೆಯುವ ಸದ್ದು ನಿಂತಿತು. ಅಜ್ಜಿ ನನ್ನ ಕೈಯನ್ನು ತಮ್ಮ ಎರಡೂ ಕೈಯಲ್ಲಿ ಹಿಡಿದುಕೊಂಡರು. ಗಂಟುಗಟ್ಟಿದ ಬೆರಳುಗಳು ಬೆಚ್ಚಗಿದ್ದವು.

“ಯಾರರ ಒಬ್ಬರು ತಗೀಬೇಕಾಕ್ಕೈತಲ್ಲವಾ. ಮನಿಯವರ ಕಡಿಂದ ಆಗೂದಿಲ್ಲ ಅದು,” ಅಂದರು. “ನಿಂದೇನ ತಪ್ಪು? ಅವರ ಆಯುಷ್ಯ ಅಷ್ಟ ಇತ್ತು.”

ಅಲ್ಲ ಅಜ್ಜಿ, ಅವರು ಆಗ ಬದುಕಿದ್ದರು ಎನ್ನುವ ಮಾತು ನಾಲಿಗೆಯ ತುದಿಗೆ ಬಂತು. ಅದನ್ನು ಹೇಳಿದರೆ ನನ್ನ ಎದೆ ಹಗುರಾಗುತ್ತಿತ್ತು, ಅವರಿಗೆ ಮತ್ತೊಂದು ಸಾವು ಕೊಟ್ಟ ಹಾಗಾಗುತ್ತಿತ್ತು. ಸುಮ್ಮನೆ ಕೂತೆ. ಸೊಸೆ ಚಹಾ ತಂದಿಟ್ಟರು. ಅಜ್ಜಿ ನನ್ನ ಕೈ ಬಿಡದೇ ಇದ್ದುದರಿಂದ ಎಡಗೈಯಲ್ಲೇ ಕಪ್ ಎತ್ತಿಕೊಂಡು ಕುಡಿದೆ.